ಆರ್ಲ್ ಪಟ್ಟಣದ ಗೂಳಿಯಾಟ

ಬಂಡೂರಿನ ಹೊನ್ನಯ್ಯ ಮಕ್ಕಳ ಹುಟ್ಟುಹಬ್ಬ ಮರೆತರೂ ಯಾವ ಕುರಿ ಯಾವಾಗ ಈದಿತೆಂಬುದನ್ನು ಮರೆಯುವವನಲ್ಲ. ಗಿಡ್ಡ ಕಾಲಿನ, ದುಂಡು ಮೈಯ ಬಂಡೂರು ತಳಿಯನ್ನು ಬೆರಕೆಯಾಗದಂತೆ ಉಳಿಸಿದ್ದಕ್ಕೆ ಕುರಿ ಸಾಕುವವರ ಸಂಘವೊಂದು ಹೋದ ಸೆಪ್ಟೆಂಬರಿನಲ್ಲಿ ಅವನನ್ನು ಫ್ರಾನ್ಸಿಗೆ ಕಳಿಸಿತು. ದಕ್ಷಿಣದ ಆರ್ಲ್ ಎಂಬ ಹಳೇ ಪಟ್ಟಣದಲ್ಲಿ ಕುರಿಗಾಹಿಗಳ ಸಭೆ. ಮಾತಿಗೆ ಆಸರೆಯಾಗಿ ಸಂಘದ ರಘುನಂದನ್ ಜೊತೆಗಿದ್ದ.

ಮೊದಲ ದಿನ ಸಂತೆಗೆ ಹೋದರು. ಬೂಸಲು ಹಿಡಿದ ಗಿಣ್ಣಿನಂಥ ಚೀಸ್ ಉಂಡೆಗಳನ್ನು ಜನ ಮೂಸಿ ಮೂಸಿ ಕೊಳ್ಳುತ್ತಿದ್ದರು. ಪಕ್ಕದಲ್ಲಿ ಬುಟ್ಟಿ ತುಂಬ ಬಸವನಹುಳು.

"ಇವುನ್ನೂ ತಿಂತಾರಾ ಸಾ?"

"ಬೆಳ್ಳುಳ್ಳಿ ಹಾಕಿ ಬೇಯಿಸ್ತಾರೆ."

"ಥೂ!" ಎಂದು ಹೊನ್ನಯ್ಯ ಮುಖ ತಿರುಗಿಸಿದ.

ಅವನ ಕಣ್ಣು ಅರಳಿದ್ದು ಅಕ್ಕಿಯ ಅಂಗಡಿಯ ಮುಂದೆ ಮಾತ್ರ. ಆ ಸೀಮೆಯಲ್ಲೂ ಭತ್ತ ಬೆಳೆಯುತ್ತಾರಂತೆ. ಎರಡು ಕಾಳು ಕಚ್ಚಿ ನೋಡಿ, ಹೆಂಡತಿ ದೇವಿರಮ್ಮನಿಗೆಂದು ಒಂದು ಚೀಲ ಕೆಂಪಕ್ಕಿ ಕೊಂಡ. ಆದರೆ ಹೋಟೆಲಿನಲ್ಲಿ ಅನ್ನ ಕೇಳಿದರೆ ಅದರ ಮೇಲೆ ಕಪ್ಪು ಸಾರಿನ ಗೂಳಿ ಮಾಂಸ ಸುರಿದು ತಂದರು. ತಟ್ಟೆ ದೂಡಿ ಬರೀ ಬ್ರೆಡ್ಡು ತಿಂದ.

ಮಾರನೆಯ ಮಧ್ಯಾಹ್ನ, ರೋಮನ್ನರು ಕಟ್ಟಿದ ಕಲ್ಲಿನ ದುಂಡು ಅಖಾಡಕ್ಕೆ ಅತಿಥಿಗಳನ್ನೆಲ್ಲ ಕರೆದೊಯ್ದರು. ಆ ಕಲ್ಲುಗಳ ಗಾತ್ರ ಕಂಡು ಹೊನ್ನಯ್ಯ ಬೆರಗಾದ. ವಾದ್ಯ ಮೊಳಗಿತು. ಕರಿ ಗೂಳಿಯೊಂದು ನುಗ್ಗಿ ಬಂತು. ಓಡಿಸಿ ಆಡಿಸುತ್ತಾರೆ ಎಂದುಕೊಂಡಿದ್ದ. ಕುದುರೆಯ ಮೇಲಿನವನು ಅದರ ಹೆಗಲಿಗೆ ಭರ್ಜಿ ತಿವಿದ. ಇನ್ನೊಬ್ಬ ಬಣ್ಣದ ಕಾಗದ ಸುತ್ತಿದ ಮುಳ್ಳುಕಡ್ಡಿ ಚುಚ್ಚಿದ. ಕೊನೆಗೆ ಜರಿ ಅಂಗಿಯವನು ಕತ್ತಿ ಇಳಿಸಿದಾಗ ಗೂಳಿ ಬಾಯಲ್ಲಿ ನೆತ್ತರು ಕಾರುತ್ತ ಮಂಡಿಯೂರಿತು. ಜನ ಕೊಂದವನನ್ನು ಮೆಚ್ಚಿ ಬಿಳಿ ಕರವಸ್ತ್ರ ಬೀಸಿದರು.

ಹೊನ್ನಯ್ಯ ಹೊರಡಲು ಎದ್ದ.

"ಕೂತ್ಕೊಳ್ಳಿ, ಅವರಿಗೆ ಬೇಜಾರಾಗುತ್ತೆ. ನೀವು ಮರಿ ಕುಯ್ಯಲ್ವಾ?" ಎಂದ ರಘುನಂದನ್.

"ಕುಯ್ತೀವಿ ಸಾ, ಒಟ್ಟೆಗೆ ಕುಯ್ತೀವಿ. ಜನ ಕೂರುಸ್ಕಂಡು, ವಾಲಗ ಊದುಸ್ಕಂಡು ಕುಯ್ತೀವಾ?"

"ನಿಮ್ಮ ಕಡೆ ಟಗರು ಕಾಳಗ ಇದೆಯಲ್ಲ?"

ಹೊನ್ನಯ್ಯನಿಗೆ ಕಪಾಳಕ್ಕೆ ಬಾರಿಸಿದಂತಾಯಿತು. ಕಾಳಗಕ್ಕೆಂದೇ ಅವನ ಕೊಟ್ಟಿಗೆಯಲ್ಲಿ ಒಂದು ಎತ್ತರದ ಟಗರಿತ್ತು. ತಲೆ ಬುರುಡೆ ಬಿರಿದು ಬಿದ್ದ ಎದುರಾಳಿ ಟಗರನ್ನು ಕಂಡು ಅವನೂ ಶಿಳ್ಳೆ ಹೊಡೆದಿದ್ದ.

"ಐತೆ ಸಾ. ಅದೂ ಒಲಸೇಯ," ಎಂದವನೇ ಮೆಟ್ಟಿಲಿಳಿದು ಹೋಗಿ ಗೋಡೆಯ ಬುಡದಲ್ಲಿ ವಾಂತಿ ಮಾಡಿಕೊಂಡ.

ಊರಿಗೆ ಬಂದ ವಾರದಲ್ಲೇ ಗೆಳೆಯ ದೇವರಾಜು ಮಳವಳ್ಳಿ ಕಡೆಯ ಕಾಳಗಕ್ಕೆ ಟಗರು ಕೇಳಲು ಬಂದ.

"ಕೊಡಾಕಿಲ್ಲ ಕಣ್ಲಾ."

"ಯಾಕ್ಲಾ? ಇಮಾನ ಅತ್ತಿದ್ದೇ ದೊಡ್ಮನ್ಸ ಆಗ್ಬುಟ್ಟಾ?"

"ಏನಾರ ಅನ್ಕೋ. ಅದ್ನ ನೋಡುದ್ರೆ ವಾಕರ್ಕೆ ಬತ್ತದೆ ನಂಗೆ."

ದೇವರಾಜು ಉಗಿದು ಹೋದ. ಪಿತೃಪಕ್ಷದ ಹಬ್ಬಕ್ಕೆ ಹೊನ್ನಯ್ಯ ಆ ಟಗರನ್ನು ತಾನೇ, ಯಾರನ್ನೂ ಹತ್ತಿರ ಬಿಟ್ಟುಕೊಳ್ಳದೆ, ಒಂದೇ ಏಟಿಗೆ ಕುಯ್ದ. ದೇವಿರಮ್ಮನ ಕೈಲಿ ದೇವರಾಜುವಿನ ಮನೆಗೂ ಒಂದು ಗುಡ್ಡೆ ಮಾಂಸ ಕಳಿಸಿದ. ಅವಳು ಅದನ್ನು ಹಾಗೇ ವಾಪಸು ತಂದಳು.