ಹುಳು ಬಿದ್ದ ಗಾಯ

ಮೊನ್ನೆ ನಮ್ಮ ಹಸುವಿನ ಕಾಲಿನ ಗಾಯಕ್ಕೆ ಹುಳು ಬಿದ್ದಿತ್ತು. ಟರ್ಪೆಂಟೈನ್ ಹೊಯ್ದೊಡನೆ ಮೂಗಿಗೆ ಬಡಿದ ವಾಸನೆಗೆ ನಮ್ಮ ದೊಡ್ಡ ಸಿಸ್ಟರ್ ನೆನಪಾದರು...

ಅರಕಲಗೂಡಿನ ಕಡೆ ಒಂದು ಸಣ್ಣ ಆಸ್ಪತ್ರೆಗೆ ನಾನು ನರ್ಸ್ ಆಗಿ ಸೇರಿದ ಹೊಸತು. ಒಂದು ಬೆಳಿಗ್ಗೆ ಪೊಲೀಸರು ಜೀಪಿನಿಂದ ಒಬ್ಬನನ್ನು ಇಳಿಸಿದರು. ಶಾಲೆಗೆ ಹೋಗುವ ಹುಡುಗಿಯ ಮೇಲೆ ಅತ್ಯಾಚಾರ ಮಾಡಿ ಜೈಲು ಸೇರಿದ್ದವನು. ಶಿಕ್ಷೆ ಮುಗಿಸಿ ಊರಿಗೆ ಬಂದಾಗ ಜನ ಬಡಿದು ಹಾಕಿದ್ದರು. ಪಂಪ್‌ಸೆಟ್ ಮನೆಯಲ್ಲಿ ವಾರಗಟ್ಟಲೆ ಬಿದ್ದಿದ್ದವನ ತೊಡೆಯಲ್ಲಿ ಹುಳು ಮಿಜಿಗುಟ್ಟುತ್ತಿದ್ದವು. ನಾನು ಬಾಗಿಲಲ್ಲೇ ನಿಂತೆ. ವಾಸನೆಗಿಂತ ಅವನೇ ಹೇಸಿಗೆ ಅನ್ನಿಸಿದ್ದ.

ಹೆಡ್ ನರ್ಸ್ ಆಗಿದ್ದ ದೊಡ್ಡ ಸಿಸ್ಟರ್ ಗ್ಲೌಸ್ ಹಾಕಿಕೊಂಡು ಕೂತು, ಟರ್ಪೆಂಟೈನ್ ಹೊಯ್ದು ಒಂದೊಂದೇ ಹುಳು ತೆಗೆದರು.

"ಏನೋ ಗಾಚಾರ ಸಿಸ್ಟರ್, ಆಗೋಯ್ತು," ಎಂದು ಅವನು ನರಳಿದ.

ಅವರು ಚಿಮಟ ಹಿಡಿದ ಕೈ ನಿಲ್ಲಿಸಿದರು. "ಗಾಚಾರ ಅನ್ಬ್ಯಾಡ. ಮಾಡ್ದೆ ಅನ್ನು."

ಅವನು ಗೋಡೆಯ ಕಡೆ ತಿರುಗಿದ. ಪಟ್ಟಿ ಕಟ್ಟಿ ಮುಗಿಸಿ ಹಿತ್ತಲಿಗೆ ಹೋದ ಸಿಸ್ಟರ್ ಬಗ್ಗಿ ವಾಂತಿ ಮಾಡಿಕೊಂಡರು. ನೀರು ಕೊಡಲು ಹೋದ ನನಗೆ ಹೇಳಿದರು: "ಆ ಮಗೀನ ತಂದಾಗ್ಲೂ ನಾನೇ ಡ್ಯೂಟೀಲಿದ್ದೆ. ನನ್ ಕೈ ಬುಡ್ನಿಲ್ಲ ಅದು. ಅಂಗಂತ ಇವನ್ನ ಉಳ ತಿನ್ಲಿ ಅಂತ ಬುಟ್ಬುಡಕ್ಕಾಯ್ತದಾ? ಕೋರ್ಟು ಕೊಟ್ಟಿದ್ದು ಜೈಲು ಕಣವ್ವ, ಉಳ ಅಲ್ಲ."

ಗಾಯ ಮಾಗಿದ ಮೇಲೆ, ಪ್ರತಿ ಸೋಮವಾರ ಹಾಸನಕ್ಕೆ ಹೋಗಿ ಮನೋವೈದ್ಯರನ್ನು ಕಾಣಬೇಕೆಂದು ಡಾಕ್ಟರು ಬರೆದುಕೊಟ್ಟರು. ಹೋದನೋ ಇಲ್ಲವೋ ಎಂದು ಸಿಸ್ಟರೇ ಫೋನ್ ಮಾಡಿ ವಿಚಾರಿಸುತ್ತಿದ್ದರು. ಐದಾರು ವಾರ ಹೋದ. ಆಮೇಲೆ ಜನ ಅವನನ್ನು ಬಸ್ಸು ಹತ್ತಗೊಡಲಿಲ್ಲ. ಒಂದು ದಿನ ಊರಲ್ಲೇ ಇಲ್ಲವಾದ.

ನಾನು "ಪೀಡೆ ತೊಲಗಿತು" ಎಂದೆ.

"ಇಲ್ಲಿದ್ರೆ ಕಣ್ಣಿಗಾದ್ರೂ ಕಾಣ್ತಿದ್ದ," ಎಂದರು ಸಿಸ್ಟರ್. "ಈಗ ಯಾವೂರ್ನಾಗೆ, ಯಾವ್ ಮಗೀನ್ ಪಕ್ಕದಾಗವ್ನೋ..."

ಅವನಿಗೆ ಆರೈಕೆ ಮಾಡಿದ್ದಕ್ಕೆ ಜನ ಸಿಸ್ಟರನ್ನು ಕ್ಷಮಿಸಲಿಲ್ಲ. ಲಸಿಕೆ ಹಾಕಿಸಲು ಬಂದ ತಾಯಿಯೊಬ್ಬಳು ಕೂಸನ್ನು ಎದೆಗವುಚಿಕೊಂಡು, "ಅವನ್ನ ಮುಟ್ಟಿದ್ ಕೈಲಿ ನಮ್ ಮಗೀಗೆ ಸೂಜಿ ಚುಚ್ಬ್ಯಾಡಿ," ಎಂದಳು. ನಾನು ಮುಂದೆ ಬಂದೆ. "ನಾನವನ್ನ ಮುಟ್ಟೇ ಇಲ್ಲ ಕಣಕ್ಕ. ಕೊಡಿ ಇಲ್ಲಿ," ಎಂದೆ. ಹೆಮ್ಮೆಯಿಂದಲೇ ಅಂದೆ. ಸಿಸ್ಟರ್ ಟ್ರೇಯನ್ನು ನನ್ನ ಕೈಗಿತ್ತು ಹೊರಗೆ ಹೋದರು. ಆ ವರ್ಷವೇ ವರ್ಗಾವಣೆ ಕೇಳಿಕೊಂಡು ಹೊಳೆನರಸೀಪುರದ ಕಡೆ ಹೊರಟುಹೋದರು.

ಹೋದ ವರ್ಷ ಚನ್ನರಾಯಪಟ್ಟಣದ ಮಗಳ ಮನೆಯಲ್ಲಿ ತೀರಿಕೊಂಡರಂತೆ. ನನಗೆ ಸುದ್ದಿ ಮುಟ್ಟುವ ಹೊತ್ತಿಗೆ ತಿಥಿಯೂ ಮುಗಿದಿತ್ತು. ಅವನನ್ನು ನೆನೆದರೆ ಈಗಲೂ ಹೇಸಿಗೆಯಾಗುತ್ತದೆ, ಅದು ಹೋಗುವುದಿಲ್ಲ. ಆದರೆ ಆ ತಾಯಿಯ ಮುಂದೆ ನಾನಾಡಿದ ಮಾತು ನೆನಪಾದಾಗಲೂ ಅದೇ ಹೇಸಿಗೆ, ನನ್ನ ಮೇಲೆಯೇ... ಸಿಸ್ಟರಿಗೆ ತಪ್ಪಾಯಿತು ಅನ್ನಬೇಕಿತ್ತು. ಕೇಳಿಸಿಕೊಳ್ಳುವವರೇ ಈಗ ಇಲ್ಲ.