ಮರಿಯ ಸೀಟು ಹೊಲಿಯುವ ಕುಶನ್ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಟೈರ್ ಅಂಗಡಿಗೂ ಬ್ಯಾಟರಿ ಅಂಗಡಿಗೂ ನಡುವೆ ಸಿಕ್ಕಿಕೊಂಡಂತಿರುವ ಚಿಕ್ಕ ಮಳಿಗೆಯ ಶಟರ್ ಅರ್ಧ ಮಾತ್ರ ಮೇಲೆದ್ದಿದೆ. ಪೂರ್ತಿ ಎತ್ತಿದರೆ ಗಿರಾಕಿಗಳು ನುಗ್ಗುತ್ತಾರೆ, ಕೆಲಸ ಕೆಡುತ್ತದೆ ಎನ್ನುವುದು ಒಡತಿಯ ಲೆಕ್ಕಾಚಾರ. ಒಳಗೆ ಅಂಟಿನ ಘಾಟು, ಕಾಲಿಟ್ಟಲ್ಲೆಲ್ಲ ಸ್ಪಂಜಿನ ಚೂರು. ನೆಲಕ್ಕೆ ಹಳೆಯ ಕಾರ್ಪೆಟ್ ಹಾಸಿ ಕೂತ ಹೆಂಗಸೊಬ್ಬರು ರೇಸ್ ಕಾರಿನ ಸೀಟೊಂದನ್ನು ತೊಡೆಗೆ ಒರಗಿಸಿಕೊಂಡು, ಬಾಗಿದ ಸೂಜಿಯಿಂದ ಅದರ ಅಂಚು ಹೊಲಿಯುತ್ತಿದ್ದಾರೆ. ಬಾಯಲ್ಲಿ ಇನ್ನೆರಡು ಸೂಜಿ ಕಚ್ಚಿಕೊಂಡಿದ್ದಾರೆ. ಹಾಗಾಗಿ ಈ ಹೊತ್ತಿನಲ್ಲಿ ಏನು ಕೇಳಿದರೂ ಸಿಗುವ ಉತ್ತರ "ಹ್ಞೂಂ" ಇಲ್ಲವೇ "ಉಹ್ಞೂಂ".

ಇವರು ಕುಶನ್ ಅಕ್ಕ. ಬಸ್ಸು, ವ್ಯಾನು, ಟ್ಯಾಕ್ಸಿ, ಒಮ್ಮೊಮ್ಮೆ ದಂತವೈದ್ಯರ ಕುರ್ಚಿ, ಹೀಗೆ ಮನುಷ್ಯರು ಬೆನ್ನು ಊರುವ ಯಾವುದನ್ನೂ ಇವರು ಬಿಟ್ಟಿಲ್ಲ. ಮೂವತ್ತು ವರ್ಷದ ಹಿಂದೆ ಮದುವೆಯಾಗಿ ಬಂದಾಗ ಗಂಡನ ಅಂಗಡಿಯಲ್ಲಿ ಹಳೆ ಸೀಟುಗಳ ಹೊಲಿಗೆ ಬಿಚ್ಚುವುದಷ್ಟೇ ಅವರ ಕೆಲಸವಾಗಿತ್ತು. ಬಿಚ್ಚುತ್ತಾ ಬಿಚ್ಚುತ್ತಾ ಹೊಲಿಯುವುದು ತಾನಾಗಿಯೇ ಬಂತು ಎನ್ನುತ್ತಾರೆ. ಗಂಡನ ಬೆರಳ ಗಂಟುಗಳು ಊದಿಕೊಂಡು ಸೂಜಿ ಹಿಡಿಯಲಾಗದೆ ಹೋದಾಗ ಅಂಗಡಿ ಮುಚ್ಚುವ ಮಾತು ಬಂದಿತ್ತು. ಮಗಳಿನ್ನೂ ಶಾಲೆಗೆ ಹೋಗುತ್ತಿದ್ದಳು. ಅಕ್ಕ ಸೆರಗು ಬಿಗಿದು ಯಂತ್ರದ ಮುಂದೆ ಕೂತರು. ಈಗ ಗಂಡ ಮುಂದಿನ ಬೆಂಚಿನ ಮೇಲೆ ಕೂತು ಫೋನ್ ಎತ್ತುತ್ತಾರೆ, ಗಿರಾಕಿಗಳಿಗೆ ಕಥೆ ಹೇಳುತ್ತಾರೆ. "ಮಾತಿಗೆ ಅವ್ರು, ಸೂಜಿಗೆ ನಾನು. ಅದಲು ಬದಲಾದ್ರೆ ಎರಡೂ ಕೆಡುತ್ತೆ," ಎಂದು ಅಕ್ಕ ನಗುತ್ತಾರೆ. ದಿನಕ್ಕೆ ಎರಡು ವ್ಯಾನಿನ ಸೀಟು ಮುಗಿಸಿದರೆ ಅವರಿಗೆ ಆ ದಿನ ಸಾರ್ಥಕ. ಬೆನ್ನುನೋವಿಲ್ಲದ ದಿನವಿಲ್ಲ. ಊರವರ ಬೆನ್ನಿಗೆಲ್ಲ ಮೆತ್ತೆ ಹಾಕಿದ ಈ ಹೆಂಗಸು ತಾವು ಮಾತ್ರ ನೆಲದ ಮೇಲೇ ಕೂರುತ್ತಾರೆ.

ಇವತ್ತು ತೊಡೆಯ ಮೇಲಿರುವುದು ಮರಿಯ ಸೀಟು.

ಮರಿ ಯಾರೆಂದು ಈ ರಸ್ತೆಯಲ್ಲಿ ಯಾರನ್ನೂ ಕೇಳಬೇಕಾಗಿಲ್ಲ. ಕೇಳಿದರೆ ಸಂಜೆಯವರೆಗೂ ಬಿಡುವುದಿಲ್ಲ. ರೇಸ್ ಓಡಿಸುವವರಲ್ಲೆಲ್ಲ ಕುಳ್ಳ, ಅದಕ್ಕೇ ಆ ಹೆಸರು. ಊರಾಚೆಯ ಟ್ರ್ಯಾಕಿನಲ್ಲಿ ಅವನ ಕಾರು ಹೊರಟಿತೆಂದರೆ, ಗೋಡೆಯಾಚೆ ನಿಂತವರೂ ಬರೀ ಸದ್ದು ಕೇಳಿ "ಇದು ಮರಿ" ಎನ್ನುತ್ತಿದ್ದರಂತೆ. ತಿರುವಿನಲ್ಲಿ ಬೇರೆಯವರೆಲ್ಲ ಬ್ರೇಕಿನ ಮೇಲೆ ಕಾಲಿಟ್ಟ ಮೇಲೂ ಅವನ ಕಾರು ಒಂದು ಉಸಿರಿನಷ್ಟು ಹೊತ್ತು ಹಾಗೇ ಮುನ್ನುಗ್ಗುತ್ತಿತ್ತು. ಆ ಒಂದು ಉಸಿರಿಗಾಗಿ ಜನ ಬಿಸಿಲಿನಲ್ಲಿ ಇಡೀ ದಿನ ನಿಲ್ಲುತ್ತಿದ್ದರು. ಗೆದ್ದು ಬಂದವನು ಮೆರವಣಿಗೆ ಬಿಟ್ಟು ಇದೇ ಬೀದಿಯ ಟೀ ಅಂಗಡಿಯಲ್ಲಿ ಲೋಟ ಹಿಡಿದು ನಿಲ್ಲುತ್ತಿದ್ದ. ಹುಡುಗರೆಲ್ಲ ಅವನ ಹಾಗೇ ಹಿಂದಲೆ ಬೋಳಿಸಿಕೊಂಡು ಅಪ್ಪಂದಿರಿಂದ ಬೈಸಿಕೊಳ್ಳುತ್ತಿದ್ದ ಕಾಲ ಅದು. ಆ ಹುಡುಗರಿಗೆ ಈಗ ಬೋಳಿಸಲು ಕೂದಲೇ ಉಳಿದಿಲ್ಲ.

ಅವನು ಅಕ್ಕನ ಅಂಗಡಿಗೆ ಮೊದಲು ಬಂದದ್ದು ಸೀಟನ್ನು ತಲೆಯ ಮೇಲೆ ಹೊತ್ತುಕೊಂಡು. "ಅಕ್ಕಾ, ನನ್ನ ಸ್ವಲ್ಪ ಎತ್ತರ ಮಾಡಿ ಅಂದ," ಎಂದು ಅಕ್ಕ ನೆನಪಿಸಿಕೊಳ್ಳುತ್ತಾರೆ. "ಕೂತ್ರೆ ಸ್ಟೇರಿಂಗ್ ಮೇಲಿಂದ ಕಣ್ಣು ಮಾತ್ರ ಕಾಣ್ತಿತ್ತು. ಉಳಿದ ಡ್ರೈವರ್‌ಗಳು ದಿಂಬು ತಗೊಂಡು ಬಾರೋ ಅಂತ ರೇಗಿಸ್ತಿದ್ರಂತೆ. ಸ್ಟೂಲಿನ ಮೇಲೆ ಕೂರಿಸಿ, ಗೋಡೆಗೆ ಒರಗಿಸಿ, ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಎಡಗಡೆ ಭುಜ ಒಂದು ಬೆರಳು ಇಳಿದಿತ್ತು. ಚಿಕ್ಕವನಿದ್ದಾಗ ಮಹಡಿಯಿಂದ ಬಿದ್ದಿದ್ನಂತೆ. ಅಲ್ಲಿಗೆ ಬೇರೆ ಸ್ಪಂಜು ಇಟ್ಟೆ, ಅಡಿಗೆ ಮೂರು ಪದರ ಹಾಕ್ದೆ." ಆಮೇಲೆ ಅವನ ಯಾವ ಸೀಟೂ ಬೇರೆಯವರ ಕೈಗೆ ಹೋಗಲಿಲ್ಲ.

ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ತುಂತುರು ಮಳೆ ಬಿದ್ದ ಒಂದು ಮಧ್ಯಾಹ್ನ, ಅದೇ ಟ್ರ್ಯಾಕಿನ ಮೂರನೆಯ ತಿರುವಿನಲ್ಲಿ ಕಾರು ಜಾರಿ ಗೋಡೆಗೆ ಬಡಿಯಿತು. ಅದು ರೇಸೂ ಅಲ್ಲ, ಹಿಂದಿನ ದಿನದ ಅಭ್ಯಾಸ. ಆ ಮಾತು ಬಂದಾಗ ಅಕ್ಕ ಸೂಜಿ ಕೆಳಗಿಡುತ್ತಾರೆ. "ಕಾರಿನ ಮೂತಿ ನಜ್ಜುಗುಜ್ಜಾಗಿತ್ತು. ನನ್ನ ಸೀಟಿಗೆ ಒಂದು ಗೀರೂ ಬಿದ್ದಿರ್ಲಿಲ್ಲ. ಎಲ್ಲಾರೂ ಎಂಥಾ ಗಟ್ಟಿ ಕೆಲಸ ಅಕ್ಕಾ ಅಂದ್ರು. ಸೀಟು ಉಳೀತು, ಹುಡುಗ ಹೋದ. ಆ ಹೊಗಳಿಕೆ ತಗೊಂಡು ನಾನೇನು ಮಾಡ್ಲಿ?"

ಹದಿನೆಂಟು ವರ್ಷ ಕಳೆದಿದೆ. ಮರಿಯ ಮೆಕ್ಯಾನಿಕ್ ಆ ಕಾರನ್ನು ತಗಡು ತಗಡಾಗಿ ಮತ್ತೆ ಕಟ್ಟಿದರು. ಎಂಜಿನ್ ಮಾತ್ರ ಚಾಲೂ ಮಾಡಲಿಲ್ಲ. ಪ್ರತಿ ವರ್ಷ ಅವನು ತೀರಿಕೊಂಡ ವಾರದ ಭಾನುವಾರ ಅಭಿಮಾನಿಗಳು ಟ್ರ್ಯಾಕಿನಲ್ಲಿ ಸೇರುತ್ತಾರೆ. ಸೀಟು ಖಾಲಿ ಬಿಟ್ಟು, ಕಾರನ್ನು ಕೈಯಿಂದ ತಳ್ಳಿಕೊಂಡು ಒಂದು ಸುತ್ತು ಬರುತ್ತಾರೆ. ಸುತ್ತು ಮುಗಿದ ಮೇಲೆ ಒಬ್ಬೊಬ್ಬರಾಗಿ ಆ ಸೀಟಿನಲ್ಲಿ ಕೂರುತ್ತಾರೆ. ಕಣ್ಣು ಮುಚ್ಚಿ, ಬೆನ್ನು ಊರಿ, ಸ್ವಲ್ಪ ಹೊತ್ತು. ಎದ್ದು ಬರುವಾಗ ಕೆಲವರ ಕಣ್ಣು ತುಂಬಿರುತ್ತದೆ. "ಎಡಗಡೆ ಭುಜದ ಹತ್ರ ಅವನು ಇದ್ದ ಹಾಗೇ ಅನ್ಸುತ್ತೆ," ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಅದಕ್ಕೆ ಮುಂಚಿನ ವಾರ ಸೀಟು ಅಕ್ಕನ ಅಂಗಡಿಗೆ ಬರುತ್ತದೆ, ಒರೆಸಿ ಹೊಲಿಗೆ ಬಿಗಿ ಮಾಡುವುದಕ್ಕೆ. ಅದು ಅವರ ಸೇವೆ.

ಈ ವರ್ಷ ಸೀಟಿನ ಹಿಂದೆ ಒಂದು ಜಗಳವೂ ಬಂತು.

ಮರಿಗೆ ಒಬ್ಬಳು ತಂಗಿ. ಅವನು ಹೋದಾಗ ಎಂಟು ವರ್ಷದ ಮಗು. ಈಗ ಅಣ್ಣನ ವಯಸ್ಸು ದಾಟಿ ಮುಂದೆ ಬಂದಿದ್ದಾಳೆ. ಡ್ರೈವಿಂಗ್ ಸ್ಕೂಲಿನಲ್ಲಿ ಜನರಿಗೆ ಕ್ಲಚ್ಚು ಬ್ರೇಕು ಕಲಿಸುತ್ತಾಳೆ. ಈ ಸಲ ಕಾರು ತಳ್ಳುವುದು ಬೇಡ, ನಾನು ಓಡಿಸುತ್ತೇನೆ, ಅಣ್ಣ ಅರ್ಧಕ್ಕೆ ಬಿಟ್ಟ ಸುತ್ತು ನಾನು ಮುಗಿಸುತ್ತೇನೆ ಎಂದಳು. ತಾಯಿ ಮೊದಲು ಮಾತು ಬಿಟ್ಟರು. ಆಮೇಲೆ ಅತ್ತರು. ಕೊನೆಗೆ "ನಿಧಾನವಾಗಿ ಓಡಿಸು" ಎಂದರು. ಮೆಕ್ಯಾನಿಕ್ ಎಂಜಿನ್ ಬಿಚ್ಚಿ ಸರಿಮಾಡಿದರು. ಎಲ್ಲ ಸರಿಹೋಯಿತು ಎನ್ನುವಾಗ ಹುಡುಗಿ ಕಾರಿನಲ್ಲಿ ಕೂತಳು, ಚಾವಣಿಯ ಕಂಬಿಗೆ ಹಣೆ ತಾಗಿತು. ಅಣ್ಣ ಎಷ್ಟು ಕುಳ್ಳನೋ ತಂಗಿ ಅಷ್ಟೇ ಎತ್ತರ. ಅಡಿಯ ಪದರಗಳನ್ನು ಕತ್ತರಿಸಿ ತೆಗೆಯದೆ ಅವಳು ಆ ಕಾರು ಓಡಿಸುವ ಹಾಗಿಲ್ಲ. ಬೇರೆ ಸೀಟು ಹಾಕೋಣವೆಂದರೆ ಅವಳು ಒಪ್ಪಲಿಲ್ಲ. ಅಣ್ಣನ ಸೀಟಿನಲ್ಲೇ ಕೂರಬೇಕು ಎಂದಳು.

ಸುದ್ದಿ ಅಭಿಮಾನಿ ಸಂಘದ ಅಧ್ಯಕ್ಷರಿಗೆ ಮುಟ್ಟಿತು. ಅಧ್ಯಕ್ಷರೆಂದರೆ ಎದುರು ಸಾಲಿನ ಕಟಿಂಗ್ ಶಾಪಿನವರು. ಮರಿಯ ಹಿಂದಲೆ ಬೋಳಿಸಿದ ಕೈ ಅವರದೇ. ಹದಿನೆಂಟು ವರ್ಷದಿಂದ ಬೇರೆ ಯಾರೂ ಆ ಹುದ್ದೆಗೆ ನಿಲ್ಲದ ಕಾರಣ ಅವಿರೋಧವಾಗಿ ಆಯ್ಕೆಯಾಗುತ್ತಲೇ ಬಂದಿದ್ದಾರೆ. ಬಸ್ ಕಂಡಕ್ಟರ್ ಒಬ್ಬರೂ ಸೇರಿ ಏಳೆಂಟು ಜನರನ್ನು ಕಟ್ಟಿಕೊಂಡು ಅಂಗಡಿಗೆ ಬಂದರು. ಹೆಗಲ ಮೇಲೆ ಟವೆಲ್ ಹಾಗೇ ಇತ್ತು.

"ಅಕ್ಕಾ, ಆ ಸೀಟಿಗೆ ಕತ್ತರಿ ಹಾಕ್ಬೇಡಿ. ಅದ್ರಲ್ಲಿ ಅವನ ಬೆನ್ನಿದೆ. ನಮಗೆ ಉಳ್ದಿರೋದು ಅದೊಂದೇ."

"ಹುಡುಗಿ ಓಡಿಸ್ಬೇಕು ಅಂತಾಳಲ್ಲ."

"ಓಡಿಸ್ಲಿ. ಬೇರೆ ಕಾರು ಕೊಡ್ಸೋಣ, ಸಂಘದಿಂದಾನೇ. ಇದನ್ನ ಮುಟ್ಟಬೇಡಿ. ಕೈ ಮುಗೀತೀನಿ."

ಮೂಲೆಯಲ್ಲಿ ತಂಗಿ ನಿಂತಿದ್ದಳು. ಅವಳ ಮುಖ ನೋಡಿದರೆ ಅಕ್ಕನಿಗೆ ಪಾಪ ಎನಿಸಿತು. ಅಧ್ಯಕ್ಷರ ಮುಖ ನೋಡಿದರೂ ಅಷ್ಟೇ. ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡ ಮಾತನ್ನು ಇನ್ನು ಇಟ್ಟುಕೊಂಡರೆ ಈ ಹುಡುಗಿಗೆ ಅನ್ಯಾಯ. ಹೇಳಿದರೆ ಈ ಗಂಡಸರಿಗೆ ಉಳಿದ ಒಂದನ್ನೂ ಕಿತ್ತುಕೊಂಡಂತೆ. ಅಕ್ಕ ಕತ್ತರಿಯನ್ನು ಕೈಯಲ್ಲಿ ತಿರುಗಿಸಿದರು. ಆಮೇಲೆ ಸೀಟನ್ನು ಎಳೆದುಕೊಂಡು ಮೇಲಿನ ಬಟ್ಟೆಯ ಹೊಲಿಗೆ ಬಿಚ್ಚಿದರು. ಸ್ಪಂಜನ್ನು ಕತ್ತರಿಸಲಿಲ್ಲ, ಬಟ್ಟೆ ಬಿಡಿಸಿ ಒಳಗೆ ತೋರಿಸಿದರು ಅಷ್ಟೇ.

ಒಳಗೆ ಹಳದಿ ಸ್ಪಂಜು, ನೀಲಿ ಸ್ಪಂಜು, ಸೋಫಾದಿಂದ ತೆಗೆದ ಬಿಳಿ ತುಂಡು, ಬಸ್ ಸೀಟಿನ ಕಂದು ತುಂಡು. ಒಂದರ ಪಕ್ಕ ಒಂದು, ಒಂದರ ಮೇಲೊಂದು, ಅಂಟು ಹಚ್ಚಿ ಕೂರಿಸಿದ ತೇಪೆಗಳು.

"ಅವನು ಕೂತಿದ್ದ ಸ್ಪಂಜು ಅವನು ಹೋದ ನಾಲ್ಕನೇ ವರ್ಷಕ್ಕೇ ಪುಡಿಯಾಗಿ ಹೋಯ್ತು," ಎಂದರು ಅಕ್ಕ. "ಸ್ಪಂಜಿನ ಆಯಸ್ಸೇ ಅಷ್ಟು. ಮೊದಮೊದಲು ಗೋಡೆ ಮೇಲಿನ ಗೆರೆ ನೋಡ್ಕೊಂಡು ಅವನ ಅಳತೆಗೇ ಮಾಡ್ತಿದ್ದೆ. ಆದ್ರೆ ಒಂದು ಭಾನುವಾರಕ್ಕೆ ನೀವು ಅಷ್ಟು ಜನ ಕೂತು ಏಳ್ತೀರ. ಎಲ್ಲಿ ತಗ್ಗು ಬಿತ್ತೋ ಅಲ್ಲಿ ತುಂಬ್ತಾ ಬಂದೆ. ಈ ನೀಲಿ ಇದ್ಯಲ್ಲ, ಅದು ನಿಮ್ಮ ಬೆನ್ನು ಅಧ್ಯಕ್ಷರೇ. ನೀವು ಬಲಗಡೆ ವಾಲಿ ಕೂರ್ತೀರ. ಈ ಕಂದು ಬಣ್ಣದ್ದು ಕಂಡಕ್ಟರ್ ಅವ್ರದ್ದು, ಅವ್ರ ಹಿಂದಿನ ಜೇಬಲ್ಲಿ ಯಾವಾಗ್ಲೂ ಬಾಚಣಿಗೆ ಇರುತ್ತೆ. ಮರೀದು ಅನ್ನೋದು ಇದ್ರಲ್ಲಿ ಏನೂ ಉಳ್ದಿಲ್ಲ."

ಗುಂಪಿನಲ್ಲಿದ್ದ ಕಂಡಕ್ಟರು ಹಿಂದಿನ ಜೇಬು ಮುಟ್ಟಿ ನೋಡಿಕೊಂಡರು.

"ಹಾಗಾದ್ರೆ ಇಷ್ಟು ವರ್ಷ ನಾವು ಕೂತಿದ್ದು ಎಲ್ಲಿ?" ಎಂದು ಅಧ್ಯಕ್ಷರು ಕೇಳಿದರು.

"ಒಬ್ಬರ ತೊಡೆ ಮೇಲೆ ಒಬ್ಬರು," ಎಂದರು ಬೆಂಚಿನ ಮೇಲಿದ್ದ ಅಕ್ಕನ ಗಂಡ. ಅವರಿಗೆ ಬಾಯಿ ಕಟ್ಟಿ ಗೊತ್ತಿಲ್ಲ. ಇಬ್ಬರು ನಕ್ಕೇಬಿಟ್ಟರು. ಅಧ್ಯಕ್ಷರು ನಗಲಿಲ್ಲ. ತರಿಸಿದ ಟೀ ಮುಟ್ಟದೆ ಎದ್ದು ಹೋದರು.

"ಆವತ್ತು ನನಗೆ ಊಟ ಸೇರಲಿಲ್ಲ," ಎನ್ನುತ್ತಾರೆ ಅಕ್ಕ. "ಸತ್ತವನನ್ನ ಇನ್ನೊಂದ್ಸಲ ಸಾಯಿಸಿದ ಹಾಗಾಯ್ತು. ಮುಂಚೇನೇ ಹೇಳ್ಬಹುದಿತ್ತು. ಆದ್ರೆ ಆ ಸೀಟಿಂದ ಎದ್ದು ಬರೋರ ಮುಖ ನೋಡಿದ್ರೆ ಯಾರಿಗೆ ಹೇಳೋಕೆ ಮನಸ್ಸು ಬರುತ್ತೆ ಹೇಳಿ."

ಮಾರನೆಯ ದಿನ ಅರ್ಧ ಎತ್ತಿದ ಶಟರ್ ಕೆಳಗಿಂದ ಎರಡು ಕಾಲು ಕಂಡವು. ಅಧ್ಯಕ್ಷರು ಬಗ್ಗಿ ಒಳಗೆ ಬಂದರು. ಮುಖ ಇನ್ನೂ ಊದಿಕೊಂಡೇ ಇತ್ತು. ಸ್ಟೂಲ್ ಎಳೆದು ಕೂತು, ಆ ತೇಪೆಗಳನ್ನೇ ನೋಡಿದರು. ನೀಲಿ ತುಂಡನ್ನು ಬೆರಳಿನಿಂದ ಒತ್ತಿದರು.

"ಕತ್ತರಿಸಿ ಅಕ್ಕಾ. ಪೂರ್ತಿ ಕತ್ತರಿಸಿ. ಅವಳಿಗೆ ಸರಿಯಾಗಿ ಕೂರೋ ಹಾಗೆ ಮಾಡಿ." ಸ್ಟೂಲಿನಿಂದ ಏಳುತ್ತಾ ಮುಂದುವರಿಸಿದರು. "ಮೂರನೇ ತಿರುವಿನವರೆಗೂ ನಾವು ತಳ್ತೀವಿ, ಅದು ನಮ್ಮದು. ಅಲ್ಲಿಂದಾಚೆ ಅವಳದ್ದು."

ಈಗ ಅಕ್ಕ ಹೊಲಿಯುತ್ತಿರುವುದು ಆ ಮಾತಿನ ಮೇಲೆ. ಹಳೆಯ ಸ್ಪಂಜೆಲ್ಲ ಬಿಚ್ಚಿ ಚೀಲಕ್ಕೆ ತುಂಬಿಯಾಗಿದೆ. ತಂಗಿಯನ್ನು ಗೋಡೆಗೆ ಒರಗಿಸಿ ಹೊಸದಾಗಿ ಗೆರೆ ಎಳೆದಾಗಿದೆ. ಅವಳ ಭುಜಗಳೆರಡೂ ಸಮ. ಹೊಸ ಸ್ಪಂಜನ್ನು ಚಾಕುವಿನಿಂದ ಕೆತ್ತಿ, ಕೂರಿಸಿ ನೋಡಿ, ಎಬ್ಬಿಸಿ ಮತ್ತೆ ಕೆತ್ತಿದ್ದಾರೆ. ಎಂಟು ಗಂಟೆಗೆ ಮೆಕ್ಯಾನಿಕ್ ಬಂದು ಸೀಟು ಹೊತ್ತೊಯ್ಯುವಷ್ಟರಲ್ಲಿ ಕೊನೆಯ ಗಂಟು ಬಿದ್ದಿರುತ್ತದೆ.

ಮರುದಿನ ಭಾನುವಾರ. ಟ್ರ್ಯಾಕಿನ ಡಾಂಬರು ಅಲ್ಲಲ್ಲಿ ಬಿರಿದು ಹುಲ್ಲು ಎದ್ದಿದೆ. ಜನ ಹೋದ ವರ್ಷಕ್ಕಿಂತ ಹೆಚ್ಚೇ ಸೇರಿದ್ದಾರೆ. ಹೊಟ್ಟೆ ಬಂದವರು, ಮಂಡಿ ನೋಯುವವರು, ಮೊಮ್ಮಕ್ಕಳನ್ನು ಎತ್ತಿಕೊಂಡವರು. ತಂಗಿ ಹೆಲ್ಮೆಟ್ ಹಾಕಿ ಒಳಗೆ ಕೂರುತ್ತಾಳೆ. ಕಾರಿನ ಹಿಂದೆ ಅಧ್ಯಕ್ಷರು, ಕಂಡಕ್ಟರು, ಸಾಧ್ಯವಾದಷ್ಟು ಕೈಗಳು. ಹದಿನೆಂಟು ವರ್ಷದಲ್ಲಿ ಮೊದಲ ಸಲ ಕಾರು ಭಾರವಾಗಿದೆ ಎಂದು ಯಾರೋ ಹೇಳುತ್ತಾರೆ. ಒಳಗೊಬ್ಬರಿದ್ದಾರಲ್ಲ ಎಂದು ಇನ್ಯಾರೋ ಏದುಸಿರು ಬಿಡುತ್ತಾ ಅನ್ನುತ್ತಾರೆ. ಮೂರನೆಯ ತಿರುವು ಬರುತ್ತದೆ. ಕೈಗಳು ಒಂದೊಂದಾಗಿ ಹಿಂದೆ ಸರಿಯುತ್ತವೆ. ಕೊನೆಗೆ ಬಿಡುವ ಕೈ ಅಧ್ಯಕ್ಷರದ್ದು.

ಎಂಜಿನ್ ಎರಡು ಸಲ ಕೆಮ್ಮಿ ಚಾಲೂ ಆಗುತ್ತದೆ. ಆ ಸದ್ದು ಕೇಳಿ ಇಡೀ ಗುಂಪು ಕಲ್ಲಿನಂತೆ ನಿಲ್ಲುತ್ತದೆ. ಕಾರು ತಿರುವು ದಾಟಿ, ಹುಲ್ಲಿನ ಅಂಚು ಸವರಿಕೊಂಡು, ದೂರದ ನೇರ ದಾರಿಯಲ್ಲಿ ಚಿಕ್ಕದಾಗುತ್ತದೆ. ಗಂಡಸರು ಮುಚ್ಚುಮರೆಯಿಲ್ಲದೆ ಅಳುತ್ತಾರೆ. ತಾಯಿ ಮುಗಿಯುವ ಗೆರೆಯ ಹತ್ತಿರ ಎರಡು ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಾರೆ. ಅಕ್ಕ ಅವರ ಪಕ್ಕದಲ್ಲಿ.

ಕಾರು ಗೆರೆ ದಾಟಿ ನಿಲ್ಲುತ್ತದೆ. ತಂಗಿ ಇಳಿಯುತ್ತಾಳೆ, ತಾಯಿಯನ್ನು ತಬ್ಬುತ್ತಾಳೆ, ಅಧ್ಯಕ್ಷರ ಕೈ ಹಿಡಿದುಕೊಳ್ಳುತ್ತಾಳೆ. ಹೇಗಿತ್ತು, ಹೇಗಿತ್ತು ಎಂದು ಎಲ್ಲರೂ ಮುತ್ತಿಕೊಳ್ಳುತ್ತಾರೆ. ಅವಳು ಗುಂಪು ಬಿಡಿಸಿಕೊಂಡು ಅಕ್ಕನ ಹತ್ತಿರ ಬಂದು, ಸೊಂಟದ ಮೇಲೆ ಕೈಯಿಟ್ಟು ಹೇಳುತ್ತಾಳೆ, "ಅಕ್ಕಾ, ತಿರುವಲ್ಲಿ ಬಲಗಡೆ ಪಕ್ಕೆಗೆ ಸ್ವಲ್ಪ ಒತ್ತುತ್ತೆ."

ಅಧ್ಯಕ್ಷರಿಗೆ ಇರುಸುಮುರುಸು. ಇಂಥ ದಿನ ಹೀಗೆ ಹೇಳಬಾರದಿತ್ತೆಂದು ಅವರ ಮುಖವೇ ಹೇಳುತ್ತದೆ. ಅಕ್ಕನ ಮುಖ ಮಾತ್ರ ಅರಳಿದೆ, ಕಣ್ಣು ತುಂಬಿದೆ.

"ಇಷ್ಟು ವರ್ಷ ಎಷ್ಟೊಂದು ಜನ ಅದ್ರಲ್ಲಿ ಕೂತ್ರು," ಎನ್ನುತ್ತಾರೆ. "ಒಬ್ಬರಾದ್ರೂ ಒತ್ತುತ್ತೆ ಅಂದಿರ್ಲಿಲ್ಲ. ಓಡಿಸೋರಿಗೆ ಮಾತ್ರ ಅದು ಗೊತ್ತಾಗೋದು. ಸೋಮವಾರ ಸೀಟು ಬಿಚ್ಕೊಂಡು ಬಾರಮ್ಮ, ಸರಿ ಮಾಡ್ಕೊಡ್ತೀನಿ."