ಕೈಗೆ ಕಾಣುವ ಅಡುಗೆಮನೆ

ಸದಲಗಾದ ಈ ಹೊಸ ಮನೆಯಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಅಡುಗೆಮನೆಯ ಮೂಲೆಯಲ್ಲಿ ಗೋಡೆಗೆ ಬೆನ್ನು ಹಚ್ಚಿ ಕೂತಿರುವ ಸುಂದ್ರವ್ವ ಮಬ್ಬಿನಲ್ಲೇ ಒಲೆಯ ಕಡೆ ಕಣ್ಣು ನೆಟ್ಟಿದ್ದಾಳೆ. ಆಕೆಯೇ ಮಣ್ಣು ಮೆತ್ತಿ ಹೂಡಿದ ಒಲೆಯ ಮುಂದೆ ಮನೆಯ ಹಿರಿಯಳು ಗಿರಿಜವ್ವ ರೊಟ್ಟಿ ಬಡಿಯಲು ಕೂತಿದ್ದಾಳೆ. ಗಿರಿಜವ್ವನಿಗೆ ಎರಡೂ ಕಣ್ಣು ಕಾಣುವುದಿಲ್ಲ.

ಹೋದ ತಿಂಗಳು ನಿಂತು ಅಡುಗೆ ಮಾಡುವ ಕಲ್ಲಿನ ಕಟ್ಟೆಯ ಮೇಲೆ ತಡಕಾಡುತ್ತ ಆಕೆ ಕೈ ಸುಟ್ಟುಕೊಂಡಿದ್ದಳು. ಮಗ ವಿರುಪಾಕ್ಷಪ್ಪ ಅಡುಗೆಮನೆಗೆ ಕಾಲಿಡಬೇಡ ಅಂದುಬಿಟ್ಟ. ಕೂತಲ್ಲಿಗೇ ತಾಟು ಬರತೊಡಗಿತು, ತುತ್ತು ಮಾತ್ರ ಗಂಟಲಲ್ಲಿ ಇಳಿಯದಾಯಿತು. ಮುದುಕಿ ಹಟ ಹಿಡಿದು ಕಬ್ಬೂರಿನಿಂದ ಸುಂದ್ರವ್ವನನ್ನು ಕರೆಸಿದಳು. ಮಗ ಒಪ್ಪಿದ್ದು ಒಂದೇ ಕರಾರಿಗೆ: "ನೋಡೂಣು. ಮತ್ತ ಏನರ ಆತಂದ್ರ, ಅವ್ವ ಒಲಿ ಮುಂದ ಕುಂದ್ರೂದು ಅವತ್ತಿಗೆ ಮುಗೀತು."

ಈ ಸೀಮೆಯ ಹೆಂಗಸರಿಗೆಲ್ಲ ಸುಂದ್ರವ್ವ ಗೊತ್ತು. ಗಂಡಸರಿಗೆ ಆಕೆ ಬಂದುಹೋದದ್ದೂ ಗೊತ್ತಾಗುವುದಿಲ್ಲ. ಅತ್ತೆ ಕೆಂಚವ್ವನಿಂದ ಒಲೆ ಹೂಡುವುದನ್ನು ಕಲಿತವಳು. ಈಗ, ಈ ತೊಂಬತ್ತರ ದಶಕದಲ್ಲಿ, ಕಬ್ಬು ಕೈಹಿಡಿದವರೆಲ್ಲ ಸಿಮೆಂಟಿನ ಮನೆ ಕಟ್ಟಿಸುತ್ತಿದ್ದಾರೆ, ಮಣ್ಣಿನ ಒಲೆ ಕೇಳುವವರು ಕಡಿಮೆ. ಆದರೆ ಮನೆ ಕಟ್ಟುವ ಗೌಂಡಿಗೆ ರೊಟ್ಟಿ ತಿಂದು ಗೊತ್ತೇ ಹೊರತು ಬಡಿದು ಗೊತ್ತಿಲ್ಲ. ಹಿಟ್ಟಿನ ಡಬ್ಬಿ ಒಂದು ದಿಕ್ಕು, ಹಂಚು ಇನ್ನೊಂದು ದಿಕ್ಕು. ಹೊಸ ಅಡುಗೆಮನೆಯಲ್ಲಿ ತಿರುಗಿ ತಿರುಗಿ ಸುಸ್ತಾದ ಹೆಂಗಸರು ಸುಂದ್ರವ್ವನಿಗೆ ಹೇಳಿಕಳಿಸುತ್ತಾರೆ. ಆಕೆ ಬಂದು ಎಲ್ಲ ಹೊಂದಿಸಿ, ಮೊರದ ತುಂಬ ಜೋಳ ಉಡಿಗೆ ಹಾಕಿಸಿಕೊಂಡು ಬಸ್ಸು ಹತ್ತುತ್ತಾಳೆ.

ಬಂದ ದಿನ ಆಕೆ ಒಂದು ಲೋಟವನ್ನೂ ಮುಟ್ಟುವುದಿಲ್ಲ. ಸುಮ್ಮನೆ ಮೂಲೆ ಹಿಡಿದು ಕೂತು ಅಡುಗೆ ಮಾಡುವವಳ ಕೈ ನೋಡುತ್ತಾಳೆ. "ಕೈ ತಾನ ಎಲ್ಲಿಗಿ ಹೊಕ್ಕೈತಿ, ಅಲ್ಲಿ ಭಾಂಡಿ ಇಡತೀನ್ರಿ," ಅನ್ನುತ್ತಾಳೆ. ಇಷ್ಟು ಎಚ್ಚರ ಸುಮ್ಮನೆ ಬಂದದ್ದಲ್ಲ. "ತೆಲಸಂಗದಾಗ ಒಬ್ಬಾಕಿ ಮನ್ಯಾಗ ಹಾಲಿನ ಗಡಿಗಿ ತೊಲಿಗೆ ತೂಗಬಿಟ್ಟ ನೆಲುವಿನ್ಯಾಗ ಮ್ಯಾಲ ಕಟ್ಟಿದೆ, ಬೆಕ್ಕಿಗೆ ನಿಲುಕಬಾರದು ಅಂತ. ಆಕಿ ಗಿಡ್ಡ ಇದ್ಲು. ಮಣಿ ಮ್ಯಾಲ ನಿಂತು ಬಿದ್ದು ಕೈ ಮುರಕೊಂಡ್ಲು. ಬೆಕ್ಕು ನೆನಪಿತ್ರಿ ನನಗ, ಆಕೀನ ಮರತಿದ್ದೆ." ಅಂದಿನಿಂದ ಯಾವ ಮನೆಯಲ್ಲಿ ಹೊಂದಿಸಿದರೂ, ಅಲ್ಲಿ ಮೊದಲ ಅಡುಗೆ ಮುಗಿಯುವವರೆಗೆ ಆಕೆಗೆ ನೀರೂ ಸೇರುವುದಿಲ್ಲ.

ಗಿರಿಜವ್ವನಿಗಾಗಿ ಎಲ್ಲವನ್ನೂ ನೆಲಕ್ಕೆ ಇಳಿಸಿದ್ದಾಳೆ. ಎಡಕ್ಕೆ ಹಿಟ್ಟು, ಬಲಕ್ಕೆ ನೀರಿನ ಡಬ್ಬಿ, ಮೊಣಕಾಲಿನ ಹತ್ತಿರ ಉಪ್ಪು. ಒಲೆ ಹೊತ್ತಿಸುವ ಚಿಮಣಿ ಎಣ್ಣೆಯ, ಅಂದರೆ ಸೀಮೆಎಣ್ಣೆಯ, ಡಬ್ಬಿ ದೂರದ ಮೂಲೆಯಲ್ಲಿ. ಮುಟ್ಟಬಾರದ್ದು ಯಾವುದೇ ಇರಲಿ, ಬೆರಳಿಗೆ ತಿಳಿಯಲೆಂದು ಅದರ ಕೊರಳಿಗೆ ಒಂದು ಸುತಳಿ.

ಆದರೆ ಈಗ ಬೆಳಕು ಕಿಟಕಿಯಿಂದ ಒಳಬಂದಂತೆ ಸುಂದ್ರವ್ವ ಮುಂದಕ್ಕೆ ಬಾಗಿ ನೋಡುತ್ತಾಳೆ. ಪಾತ್ರೆಗಳೆಲ್ಲ ಫಳಫಳ ಹೊಳೆಯುತ್ತಿವೆ! ನಾಳೆ ಅಮಾವಾಸ್ಯೆ. ಸೊಸೆ ಸಕ್ಕುಬಾಯಿ ರೂಢಿಯಂತೆ ನಿನ್ನೆ ಸಂಜೆ, ಸುಂದ್ರವ್ವ ಹೊಂದಿಸಿ ಎದ್ದುಹೋದ ಮೇಲೆ, ಎಲ್ಲವನ್ನೂ ಹೊರಗೆ ಒಯ್ದು ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿದ್ದಾಳೆ. ಮತ್ತೆ ಇಡುವಾಗ ಚೆಂದ ಕಾಣಲೆಂದು ದೊಡ್ಡದರ ಪಕ್ಕ ಚಿಕ್ಕದು ಸಾಲು ಹಚ್ಚಿದ್ದಾಳೆ. ನೀರು ಎಡಕ್ಕೆ ಹೋಗಿದೆ. ನೀರಿದ್ದ ಜಾಗದಲ್ಲಿ ಚಿಮಣಿ ಎಣ್ಣೆ.

ಹಂಚು ಕಾದಿದೆ. ಸೊಸೆ ನಾದಿಕೊಟ್ಟ ಹಿಟ್ಟಿನಿಂದ ಗಿರಿಜವ್ವ ಬಡಿದ ರೊಟ್ಟಿಯನ್ನು ಅಂಗೈ ಮೇಲೆ ಎತ್ತಿ ಹಂಚಿಗೆ ಹಾಕಿದ್ದಾಳೆ. ಇನ್ನು ಅದರ ಮೇಲೆ ಒದ್ದೆ ಅರಿವೆ ಆಡಿಸಬೇಕು. ಅರಿವೆ ಹಿಡಿದ ಕೈ ಬಲಕ್ಕೆ ಚಾಚುತ್ತದೆ. ಸುಂದ್ರವ್ವ ಧಡಕ್ಕನೆ ಎದ್ದು ಡಬ್ಬಿ ಕಸಿಯಲು ಮುಂದೆ ಬರುತ್ತಾಳೆ.

ಕೈ ಡಬ್ಬಿಯ ಕೊರಳಿಗೆ ತಾಗಿ ಗಕ್ಕನೆ ನಿಲ್ಲುತ್ತದೆ. ಬೆರಳುಗಳು ಸುತಳಿಯನ್ನು ಸವರುತ್ತವೆ.

"ಇದು ನೀರಲ್ಲ. ಸಕ್ಕೂ, ನೀರ ಎಲ್ಲಿಟ್ಟೀ ಬೇ?"

ಬಾಗಿಲಲ್ಲಿದ್ದ ಸಕ್ಕುಬಾಯಿ ಅಳುತ್ತ ಒಳಗೆ ಬರುತ್ತಾಳೆ. "ಎಡಕ್ಕ ಐತ್ರಿ ಅತ್ತಿ... ತಪ್ಪಾತ್ರಿ. ಚೆಂದ ಕಾಣಲಿ ಅಂತ ಇಟ್ನಿ."

"ಸುತಳಿ ಇನ್ನೂ ಹಸೀ ಐತಿ. ತಿಕ್ಕಿ ಮತ್ತ ನೀನ ಕಟ್ಟೀಯೇನು?"

"ಹೂಂ ರೀ. ಅದನ್ನಷ್ಟ ಮರೀಲಿಲ್ಲರಿ."

"ಮತ್ಯಾಕ ಅಳತಿ? ರೊಟ್ಟಿ ಸೀಯತೈತಿ, ನೀರ ಈ ಕಡೆ ಸರಸು."

ರೊಟ್ಟಿ ಕೆಂಡದ ಮುಂದೆ ಪೂರಾ ಉಬ್ಬುತ್ತದೆ. ಮಗ ಹೊಸ್ತಿಲಲ್ಲೇ ನಿಂತು ಎಲ್ಲವನ್ನೂ ನೋಡಿದ್ದಾನೆ. ಎಲ್ಲರಿಗೂ ಅವನ ಮಾತಿನದೇ ಭಯ. ಅವನು ಚಪ್ಪಲಿ ಕಳಚಿ ಒಳಗೆ ಬಂದು ಒಲೆಯ ಪಕ್ಕ ಕೂರುತ್ತಾನೆ. ಮೊದಲ ರೊಟ್ಟಿ ತಿಂದು ಮುಗಿಸಿ ತಾಟು ಮುಂದೆ ತಳ್ಳುತ್ತಾನೆ.

"ಇನ್ನೊಂದ ಹಾಕವ್ವಾ."

ಸಕ್ಕುಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ಸೀಮೆಎಣ್ಣೆಯ ಡಬ್ಬಿಯನ್ನು ಮೂಲೆಗೆ ಒಯ್ದಿಡುತ್ತಾಳೆ. ಗಿರಿಜವ್ವನ ಕೈ ಹಿಟ್ಟಿಗೆ, ಉಪ್ಪಿಗೆ, ನೀರಿಗೆ ಹೋಗಿ ಬರುತ್ತಿದೆ, ತಡಕಾಟವಿಲ್ಲ.

ಹಿತ್ತಿಲಿನ ಕಟ್ಟೆಗೆ ಬಂದು ಕೂತ ಮೇಲೆ ಸುಂದ್ರವ್ವ ಚಹಾ ಬಸಿಗೆ ಸುರಿದುಕೊಂಡು ಬಾಯಿಗಿಡುತ್ತಾಳೆ. ಇಷ್ಟು ಮಾಡಿದ್ದಕ್ಕೆ ಜನ ನಿನ್ನನ್ನು ನೆನೆಯುತ್ತಾರೇನು ಎಂದು ಯಾರಾದರೂ ಕೇಳಿದರೆ ಆಕೆ ತಲೆ ಅಲ್ಲಾಡಿಸುತ್ತಾಳೆ.

"ನೆನೀಬಾರದ್ರಿ. ಒಲಿ ಮುಂದ ಕುಂತಾಕಿ ನನ್ನ ನೆನಿಯಾಕತ್ಲಂದ್ರ, ಆಕಿಗೆ ಏನೋ ಸಿಗವಲ್ದು ಅಂತ ಅರ್ಥ."